ಅಕ್ಕನ ನಿದ್ದೆಯ ಚಾರ್ಟು

ನಮ್ಮ ಮನೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಯಾರೂ ಸೀನುವಂತಿಲ್ಲ. ಸೀನು ಬಂದರೆ ಮೂಗು ಹಿಡಿದುಕೊಂಡು ಬಚ್ಚಲಿಗೆ ಓಡಬೇಕು, ಬಾಗಿಲು ಹಾಕಿಕೊಂಡು ಟವೆಲ್ಲಿನೊಳಗೆ ಸೀನಬೇಕು. ನನ್ನ ಅಕ್ಕ ದೊಡ್ಡಾಸ್ಪತ್ರೆಯಲ್ಲಿ ನರ್ಸು, ಇಪ್ಪತ್ತೆರಡು ವರ್ಷಗಳಿಂದ ರಾತ್ರಿ ಪಾಳಿ. ಊರಿಗೆಲ್ಲ ಬೆಳಗಾದಾಗ ಅವಳಿಗೆ ರಾತ್ರಿ. ನಾನು ಅವಳ ತಂಗಿ, ದರ್ಜಿ. ಭಾವ ತೀರಿಕೊಂಡ ವರ್ಷ, ನಾಲ್ಕು ವರ್ಷದ ಮಗಳ ಜೊತೆ ರಾತ್ರಿ ಮಲಗಲು ಒಬ್ಬರು ಬೇಕು ಎಂದು ಅಕ್ಕ ಕರೆದಳು. ಎರಡು ತಿಂಗಳಿದ್ದು ಹೋಗುತ್ತೇನೆ ಎಂದು ಹೊಲಿಗೆ ಯಂತ್ರ ಹೊತ್ತುಕೊಂಡು ಬಂದವಳು ಇವತ್ತಿಗೂ ಹೋಗಿಲ್ಲ.

ರಾತ್ರಿ ಪಾಳಿಯನ್ನು ಅಕ್ಕ ತಾನಾಗಿ ಕೇಳಿ ಪಡೆದದ್ದು. ಬೆಳಿಗ್ಗೆ ಮಗಳ ಜಡೆ ಹಾಕಿ ಶಾಲೆಗೆ ಕಳಿಸಬಹುದು, ಅವಳು ವಾಪಸು ಬರುವಾಗ ಎದ್ದು ಬಾಗಿಲಲ್ಲಿ ನಿಂತಿರಬಹುದು, ಅಷ್ಟೇ ಲೆಕ್ಕ. ನಡುವಿನ ಆರು ಗಂಟೆ ಮಾತ್ರ ಅವಳದು. ಆ ಆರು ಗಂಟೆಗಳನ್ನು ನಾವಿಬ್ಬರೂ ಗಾಜಿನ ಪಾತ್ರೆ ಹಿಡಿದ ಹಾಗೆ ಹಿಡಿದುಕೊಂಡೇ ಬದುಕಿದ್ದೇವೆ.

ಇಂಥ ಮನೆಯಲ್ಲಿ ಬೆಳೆದ ಹುಡುಗಿ ಹೇಗೆ ನಡೆಯುತ್ತಾಳೆ ಹೇಳಿ. ರಜೆಯ ದಿನಗಳಲ್ಲಿ ಅವಳು ಹಾಲಿನ ಈ ತುದಿಯಿಂದ ಆ ತುದಿಗೆ ಹೋದದ್ದೇ ತಿಳಿಯುತ್ತಿರಲಿಲ್ಲ. ಯಾವ ಟೈಲಿನ ಮೇಲೆ ಕಾಲಿಟ್ಟರೆ ಕಟ್ ಎನ್ನುತ್ತದೆ, ಯಾವ ಬಾಗಿಲನ್ನು ಎತ್ತಿ ತಳ್ಳಬೇಕು, ಲೋಟವನ್ನು ಹೇಗೆ ಕಿರುಬೆರಳಿನ ಮೇಲೆ ಇಳಿಸಿ ಮೇಜಿಗೆ ಇಡಬೇಕು, ಎಲ್ಲವೂ ಐದನೆಯ ವಯಸ್ಸಿಗೇ ಬಾಯಿಪಾಠ. ನಾನು ಅವಳನ್ನು ಬೆಕ್ಕು ಎಂದು ಕರೆದೆ. ಅದೇ ಹೆಸರು ನಿಂತಿತು.

ಹದಿನೈದಕ್ಕೆ ಬೆಕ್ಕಿಗೆ ಸ್ಕೇಟ್‌ಬೋರ್ಡಿನ ಹುಚ್ಚು, ನಾಲ್ಕು ಚಕ್ರದ ಹಲಗೆಯ ಮೇಲೆ ನಿಂತು ಜಾರುವ ಆಟದ ಹುಚ್ಚು, ಹತ್ತಿತು. ಮೊಣಕಾಲು, ಮೊಣಕೈ ಎಲ್ಲ ತರಚಿಕೊಂಡು ಬರುತ್ತಿದ್ದಳು. ಹರಿದ ಪ್ಯಾಂಟುಗಳಿಗೆ ತೇಪೆ ಹಾಕಿ ಹಾಕಿ ನನಗೆ ಸಾಕಾಯಿತು. ಇದರಲ್ಲಿ ಏನಿದೆಯೇ ಅಂಥದ್ದು ಎಂದು ಬೈದೆ. "ಚಿಕ್ಕಮ್ಮ, ಅಲ್ಲಿ ಎಷ್ಟು ಬೇಕಾದ್ರೂ ಸದ್ದು ಮಾಡಬಹುದು" ಎಂದಳು.  ಆಮೇಲೆ ತೇಪೆಯ ಬಗ್ಗೆ ಮಾತಾಡಲಿಲ್ಲ.

ಓದು ಮುಗಿಸಿ ಅವಳು ಇಂಡಸ್ಟ್ರಿಯಲ್ ಡಿಸೈನರ್ ಆದಳು. ಹಾಗೆಂದರೇನು ಎಂದು ನನ್ನ ಗಿರಾಕಿಗಳು ಕೇಳಿದರೆ, ನೀವು ದಿನಾ ಮುಟ್ಟುವ ವಸ್ತುಗಳಿಗೆಲ್ಲ ಆಕಾರ ಕೊಡುವವಳು ಎನ್ನುತ್ತೇನೆ. ಬಸ್ ನಿಲ್ದಾಣದ ಬೆಂಚು, ಕಸದ ಡಬ್ಬಿ, ದೀಪದ ಕಂಬ ಮಾಡುವ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಮೊದಲ ಕೆಲಸವೇ ಎಂಥದ್ದು ಗೊತ್ತೇ? ಸ್ಕೇಟ್‌ಬೋರ್ಡಿನವರು ಜಾರದಂತೆ ಬೆಂಚುಗಳ ಅಂಚಿಗೆ ಗಂಟಿನಂತೆ ಉಬ್ಬಿದ ಕಬ್ಬಿಣದ ಗುಬುಟು ಕೂರಿಸುವುದು. ಬೆಕ್ಕು ಹಲ್ಲು ಕಚ್ಚಿಕೊಂಡು ಗುಬುಟುಗಳ ನಕ್ಷೆ ಬರೆದುಕೊಟ್ಟಳು. ಅವಳ ಗೆಳೆಯರೇ ಹೋಗಿ ಅದಕ್ಕೆ ಬಡಿದುಕೊಂಡು ಬಿದ್ದರು. ಆ ವಾರ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಹಾಗಾಗಿ ನಗರಸಭೆಯವರು ಸ್ಕೇಟ್‌ಬೋರ್ಡಿಗೆಂದೇ ಒಂದು ಜಾಗ ಮಾಡುತ್ತೇವೆ, ವಿನ್ಯಾಸ ಕಳಿಸಿ ಎಂದಾಗ ಬೆಕ್ಕು ಮೂರು ತಿಂಗಳ ರಜಾದಿನಗಳನ್ನೆಲ್ಲ ಅದರ ಮೇಲೆ ಸುರಿದಳು. ಅವಳದೇ ಆಯ್ಕೆಯಾಯಿತು. ಜಾಗ ಯಾವುದು ಅಂತೀರಿ? ನಮ್ಮ ಕಟ್ಟಡದ ಹಿಂದೆ ಬಸ್ಸುಗಳು ತಿರುಗಿಕೊಳ್ಳುತ್ತಿದ್ದ, ಈಗ ಪಾಳು ಬಿದ್ದಿದ್ದ ಅಂಗಳ. ಕಾಂಕ್ರೀಟಿನ ನೆಲ, ಅಲೆ ಎದ್ದ ಹಾಗಿನ ಏರಿಳಿತ, ಜಾರಲು ಉದ್ದನೆಯ ಕಟ್ಟೆಗಳು, ಹಾರಲು ಮೆಟ್ಟಿಲುಗಳು. ಅವಳ ಜಾಣತನ ಎಲ್ಲಿತ್ತೆಂದರೆ, ಕಟ್ಟೆ ಮತ್ತು ಮೆಟ್ಟಿಲುಗಳು ನೆಲಕ್ಕೆ ಅಂಟಿರಲಿಲ್ಲ. ಮನೆಯಲ್ಲಿ ಮಂಚ ಸರಿಸಿದ ಹಾಗೆ ಅವುಗಳನ್ನೂ ಗಾಲಿಯ ಮೇಲೆ ಸರಿಸಬಹುದಿತ್ತು. ನಗರಸಭೆ ಮೂರು ತಿಂಗಳ ತಾತ್ಕಾಲಿಕ ಅನುಮತಿ ಕೊಟ್ಟಿತು. ನಿವಾಸಿಗಳಿಂದ ದೂರು ಬಂದು, ಅದು ನಿಜವೆಂದಾದರೆ ಬೀಗ.

ಉದ್ಘಾಟನೆಯ ದಿನ ಅಕ್ಕ ಡ್ಯೂಟಿಯಿಂದ ನೇರವಾಗಿ ಬಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ನಾಲ್ಕನೆಯ ದಿನ ದೂರು ಹೋಯಿತು. ಐವತ್ತೊಂದು ಸಹಿ. ಮೊದಲನೆಯದು ಅಕ್ಕನದು.

ಯಾರೂ ಮೋಸ ಮಾಡಿ ಹಾಕಿಸಿಕೊಂಡದ್ದಲ್ಲ. ನಮ್ಮ ಕಟ್ಟಡದ ಕಾರ್ಯದರ್ಶಿಗೆ ಆ ಅಂಗಳದಲ್ಲಿ ಕಾರು ನಿಲ್ಲಿಸುವ ಆಸೆ ಮೊದಲಿನಿಂದ ಇತ್ತು. ಅವನು ಬೆಳಿಗ್ಗೆ ಗೇಟಿನಲ್ಲೇ ಅಕ್ಕನನ್ನು ಹಿಡಿದು, ಮೂರು ದಿನದಿಂದ ನಿದ್ದೆ ಬಂದಿದೆಯಾ ಸಿಸ್ಟರ್ ಎಂದು ಕೇಳಿದ. ಇಲ್ಲ ಎಂದಳು. ಕಾಗದ ಮುಂದೆ ಹಿಡಿದ. ಮಗಳ ಕೆಲಸ ಎಂದು ಗೊತ್ತಿದ್ದೇ ಸಹಿ ಹಾಕಿದಳು.

ಸಂಜೆ ಅಡುಗೆಮನೆಯಲ್ಲಿ ತಾಯಿ ಮಗಳು ಎದುರುಬದುರಾದರು.

"ಅಮ್ಮಾ, ನೀನಾ?"

"ನಾನೇ. ನಿದ್ದೆ ಬರ್ತಿದೆಯಾ ಅಂತ ಕೇಳಿದ್ರು. ಸುಳ್ಳು ಹೇಳ್ಬೇಕಿತ್ತಾ?"

"ಮೊದಲು ನನ್ನ ಹತ್ರ ಹೇಳಬಹುದಿತ್ತಲ್ಲ."

"ನೀನು ಮೊದಲು ನನ್ನ ಕಿಟಕಿ ನೋಡಬಹುದಿತ್ತಲ್ಲ."

ಬೆಕ್ಕು ನಕ್ಷೆಯ ಸುರುಳಿ ಬಿಡಿಸಿ ಮೇಜಿನ ಮೇಲೆ ಹಾಸಿದಳು. ಅವಳ ನಕ್ಷೆಯಲ್ಲಿ ಮರಗಳಿದ್ದವು, ದೀಪಗಳಿದ್ದವು, ನೀರು ಹರಿದು ಹೋಗುವ ದಾರಿಯಿತ್ತು. ಎರಡನೆಯ ಮಹಡಿಯ ಆ ಒಂದು ಕಿಟಕಿ ಇರಲಿಲ್ಲ. ನಾಲ್ಕನೆಯ ವಯಸ್ಸಿನಿಂದ ಯಾವ ಕಿಟಕಿಯ ಹಿಂದೆ ಉಸಿರು ಬಿಗಿಹಿಡಿದು ನಡೆದಿದ್ದಳೋ ಅದನ್ನೇ ಮರೆತಿದ್ದಳು.

"ನಿದ್ದೆಗೆಟ್ಟು ಡ್ಯೂಟಿಗೆ ಹೋಗ್ತೀನಿ. ಯಾರಿಗಾದ್ರೂ ಔಷಧಿ ಹೆಚ್ಚುಕಮ್ಮಿ ಆದ್ರೆ? ಆಗ ಮಗಳು ಮಾಡಿದ ಮೈದಾನ ಅನ್ಲಾ?" ಎಂದಳು ಅಕ್ಕ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಸಹಿ ವಾಪಸು ತೆಗೆಯುವ ಮಾತು ಬರಲಿಲ್ಲ. ಬೆಕ್ಕೂ ಕೇಳಲಿಲ್ಲ. ಇನ್ನು ಆರು ವಾರಕ್ಕೆ ನಗರಸಭೆಯ ಎಂಜಿನಿಯರ್ ಸ್ಥಳಕ್ಕೇ ಬಂದು ವಿಚಾರಣೆ ಮಾಡುವುದೆಂದು ನೋಟಿಸು ಬಂತು.

ಅಂದಿನಿಂದ ಇಬ್ಬರಲ್ಲಿ ಮಾತಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ನಾನು ಅಂಚೆಯವಳು. "ಚಿಕ್ಕಮ್ಮ, ಸಾರಿಗೆ ಉಪ್ಪು ಕಮ್ಮಿ ಅಂತ ಹೇಳಿ" ಎಂದು ಒಬ್ಬಳು, "ಬೇಕಾದ್ರೆ ಹಾಕ್ಕೊಳ್ಳಲಿ ಅಂತ ಹೇಳು" ಎಂದು ಇನ್ನೊಬ್ಬಳು, ಒಂದೇ ಮೇಜಿನ ಆಚೆ ಈಚೆ ಕೂತುಕೊಂಡು! ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬುದನ್ನು ದರ್ಜಿಗೆ ಬೇರೆ ಹೇಳಿಕೊಡಬೇಕೇ.

ಮರುದಿನ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿತ್ತು. ಆಸ್ಪತ್ರೆಯಲ್ಲಿ ರೋಗಿಯ ಮಂಚಕ್ಕೆ ತೂಗು ಹಾಕುತ್ತಾರಲ್ಲ, ಅದೇ ಮಾದರಿಯ ಚಾರ್ಟು. ಸಮಯ, ಸದ್ದಿನ ಬಗೆ, ತೀವ್ರತೆ ಹತ್ತಕ್ಕೆ ಎಷ್ಟು, ಮತ್ತೆ ನಿದ್ದೆ ಹತ್ತಲು ಎಷ್ಟು ಹೊತ್ತು. ಸ್ಕೇಲಿಟ್ಟು ಎಳೆದ ಗೆರೆಗಳು. ವಿಚಾರಣೆಯ ದಿನ ಸಾಕ್ಷಿಯಾಗಿ ಕೊಡಲು ಅಕ್ಕ ಬರೆಯತೊಡಗಿದ್ದಳು. ನೋವು ಎಷ್ಟಿದೆ ಎಂದು ಇಪ್ಪತ್ತೆರಡು ವರ್ಷ ಊರಿನವರನ್ನೆಲ್ಲ ಕೇಳಿದವಳು ಈಗ ತನ್ನನ್ನೇ ಕೇಳಿಕೊಂಡಳು. "9.40. ಟಕ್ ಟಕ್, ಬಿಡದೆ. 6. ಇಪ್ಪತ್ತು ನಿಮಿಷ." "10.25. ಠಣ್, ಘಂಟೆ ಹೊಡೆದ ಹಾಗೆ. 8. ಮುಕ್ಕಾಲು ಗಂಟೆ." "11.15. ಢಬ್, ಮರದ್ದು. 9. ಮತ್ತೆ ಬರಲಿಲ್ಲ."

ನಾನು ಓದಿ, ಮಗಳ ಕುತ್ತಿಗೆಗೆ ಹಗ್ಗ ಹೊಸೆಯುತ್ತಿದ್ದಾಳಲ್ಲ ಇವಳು ಎಂದು ಉರಿದುಬಿದ್ದೆ. ಬೆಕ್ಕು ಮಾತ್ರ ಚಾರ್ಟಿನ ಮುಂದೆ ಅರ್ಧ ಗಂಟೆ ನಿಂತಳು. ಆಮೇಲೆ ಫೋನಿನಲ್ಲಿ ಅದರ ಫೋಟೋ ತೆಗೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗೆ ಹೋದಳು.

ಟಕ್ ಟಕ್ ಎಂದರೆ ನೆಲದ ಸಂದುಗಳು. ಕಾಂಕ್ರೀಟನ್ನು ಚೌಕ ಚೌಕವಾಗಿ ಹಾಕಿಸಿ ನಡುವೆ ನೇರ ಗೆರೆ ಬಿಡಿಸಿದ್ದಳು. ಯಾಕೆಂದು ಕೇಳಿದೆ. "ಕಾಗದದ ಮೇಲೆ ಚೆಂದ ಕಾಣ್ತಿತ್ತು" ಎಂದು ತಲೆ ತಗ್ಗಿಸಿದಳು. ಮೇಸ್ತ್ರಿಯನ್ನು ಕರೆಸಿ, ಸಂದುಗಳಿಗೆಲ್ಲ ರಬ್ಬರಿನಂಥ ಅಂಟು ತುಂಬಿಸಿ, ಮೇಲೆ ಉಜ್ಜಿಸಿ, ಬೆರಳಾಡಿಸಿದರೂ ತಿಳಿಯದ ಹಾಗೆ ಮಾಡಿಸಿದಳು. ಒಂದು ವಾರದಲ್ಲಿ ಚಾರ್ಟಿನಲ್ಲಿ ಟಕ್ ಟಕ್ ಮಾಯವಾಯಿತು. ಅದರ ಜಾಗದಲ್ಲಿ ಅಕ್ಕ ಬರೆದದ್ದು: "ಸರ್... ಎಂದು ಹರಿಯುವ ಸದ್ದು. 2."

ಸುಳ್ಳು ಬರೆಯಬಹುದಿತ್ತಲ್ಲ ಅವಳು! ಆರು ಇದ್ದದ್ದನ್ನು ಆರೇ ಇಟ್ಟಿದ್ದರೆ ಕೇಳುವವರು ಯಾರು? ಕಾರ್ಯದರ್ಶಿಯೂ ಒಂದು ಸಂಜೆ ಬಂದು ಚಾರ್ಟು ನೋಡಿ, "ಸ್ವಲ್ಪ ಜಾಸ್ತಿ ಹಾಕಿ ಸಿಸ್ಟರ್, ನಮ್ಮ ಕೇಸು ಗಟ್ಟಿಯಾಗುತ್ತೆ" ಎಂದ. ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಜ್ವರ ನೂರಿದ್ರೆ ನೂರಮೂರು ಅಂತ ಬರೀಲಾ?" ಎಂದಳು. ಅವನು ಬಂದ ದಾರಿ ಹಿಡಿದ.

ಠಣ್ ಎಂಬುದು ಕಟ್ಟೆಯ ಅಂಚಿನದು. ಬೋರ್ಡು ಜಾರಲೆಂದು ಅಲ್ಲಿ ಚೌಕನೆಯ ಕಬ್ಬಿಣದ ಕೊಳವೆ ಕೂರಿಸಿದ್ದರು, ಒಳಗೆ ಟೊಳ್ಳು. ಬೆಕ್ಕು ಕೊಳವೆಗಳಿಗೆ ರಂಧ್ರ ಕೊರೆಸಿ, ಮರಳು ಸಿಮೆಂಟಿನ ಗಂಜಿಯನ್ನು ತುಂಬಿಸಿದಳು. ಈಗ ಬಡಿದರೆ ಬಾಯಿಗೆ ಬಟ್ಟೆ ತುರುಕಿದವರ ಹಾಗೆ ಒಳಗೊಳಗೇ ಉಂ ಎನ್ನುತ್ತಿತ್ತು. ಢಬ್ ಎಂಬುದು ಮೆಟ್ಟಿಲಿಂದ ಹಾರಿ ಇಳಿಯುವಾಗ ಬೋರ್ಡು ನೆಲಕ್ಕೆ ಬೀಳುವ ಸದ್ದು. ಅದನ್ನು ನಿಲ್ಲಿಸಲಾಗದು. ಆದರೆ ಮೆಟ್ಟಿಲಿಗೆ ಗಾಲಿಯಿತ್ತಲ್ಲ! ನಮ್ಮ ಕಿಟಕಿಯ ಕೆಳಗಿದ್ದ ಮೆಟ್ಟಿಲುಗಳನ್ನೆಲ್ಲ ಆಚೆ ತುದಿಗೆ, ಲಾರಿಗಳು ಓಡುವ ರಸ್ತೆಯ ಪಕ್ಕಕ್ಕೆ ತಳ್ಳಿಸಿದಳು. ನಮ್ಮ ಕಡೆ ಬರೀ ಅಲೆಯ ಏರಿಳಿತ ಉಳಿಯಿತು.

ನಾಲ್ಕನೆಯ ವಾರದ ಹೊತ್ತಿಗೆ ಚಾರ್ಟಿನಲ್ಲಿ ಒಂದೇ ಒಂದು ಸಾಲು. ದಿನಾ ಅದೇ. "1.10. ಸದ್ದು: ಏನೂ ಇಲ್ಲ. ಎಚ್ಚರ: ಹೌದು. 7."

ಏನೂ ಇಲ್ಲ ಅಂದರೆ ಏನು ಕರ್ಮ! ನಾನು ಪಕ್ಕದ ಮನೆಯ ಮಿಕ್ಸಿಯನ್ನು ಶಂಕಿಸಿದೆ, ನೀರೆತ್ತುವ ಪಂಪನ್ನು ಶಂಕಿಸಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ಅಕ್ಕನ ಕಿವಿಗೆ ಎಂದೋ ರೂಢಿಯಾಗಿದ್ದ ನನ್ನ ಹೊಲಿಗೆ ಯಂತ್ರಕ್ಕೂ ಒಂದು ದಿನ ರಜೆ ಕೊಟ್ಟು ನೋಡಿದೆ. ಆ ದಿನವೂ 1.10, 7. ವಿಚಾರಣೆಗೆ ಹನ್ನೆರಡೇ ದಿನ ಉಳಿದಿತ್ತು. ದಿನಕ್ಕೊಂದು ಏಳು ಬರೆದ ಚಾರ್ಟನ್ನು ಎಂಜಿನಿಯರ್ ನೋಡಿದರೆ ಬೀಗ ಖಂಡಿತ. ಬೆಕ್ಕಿನ ಕಣ್ಣ ಕೆಳಗೆ ಕಪ್ಪು ಕಟ್ಟಿತು. ತಾಯಿಗೆ ನಿದ್ದೆ ಕೊಡಿಸಲು ಹೋಗಿ ತಾನೇ ನಿದ್ದೆ ಬಿಟ್ಟಿದ್ದಳು.

ಕೊನೆಗೆ ಒಂದು ದಿನ ಕೆಲಸಕ್ಕೆ ರಜೆ ಹಾಕಿ, ಹಾಲಿನಲ್ಲಿ ಅಮ್ಮನ ಕೋಣೆಯ ಬಾಗಿಲಿಗೆ ಎದುರಾಗಿ ನೆಲದ ಮೇಲೆ ಕೂತಳು. ನಾನು ಗುಂಡಿ ಹೊಲಿಯುತ್ತ ಪಕ್ಕದಲ್ಲಿದ್ದೆ. ಕೆಳಗಿನಿಂದ ಚಕ್ರಗಳ ಸದ್ದು ಸರ್... ಎಂದು ಒಂದೇ ಸಮ ಬರುತ್ತಿತ್ತು. ಕೇಳುತ್ತ ನನಗೂ ತೂಕಡಿಕೆ ಬಂತು. ಒಂದು ಗಂಟೆ ಹತ್ತು ನಿಮಿಷ. ಪಂಪಿಲ್ಲ, ಮಿಕ್ಸಿಯಿಲ್ಲ. ಕೋಣೆಯ ಬಾಗಿಲು ತಟ್ಟನೆ ತೆರೆಯಿತು. ಅಕ್ಕ ನಿಂತಿದ್ದಳು, ಕೂದಲು ಕೆದರಿ, ಕಣ್ಣು ಪೂರ್ತಿ ಬಿಟ್ಟು. ಮಂಚ ಬಿಟ್ಟು ಓಡಿ ಬಂದವಳ ಮುಖ.

"ಏನಾಯ್ತು?" ಎಂದಳು, ನೇರವಾಗಿ ಮಗಳನ್ನೇ ನೋಡಿ. ನಾಲ್ಕು ವಾರದಲ್ಲಿ ಮೊದಲ ಮಾತು.

"ಏನೂ ಆಗಿಲ್ಲಮ್ಮ. ಮಲಕ್ಕೋ."

ಅಕ್ಕ ಒಂದು ಗಳಿಗೆ ಕಿವಿಗೊಟ್ಟು ನಿಂತು, ತನಗೇ ನಾಚಿಕೆಯಾದವಳಂತೆ ಒಳಗೆ ಹೋದಳು. ಬೆಕ್ಕು ಎದ್ದು ಬಾಲ್ಕನಿಗೆ ಹೋಗಿ ಕೆಳಗೆ ಇಣುಕಿದಳು. ಅಂಗಳ ಖಾಲಿ. ಮೂವತ್ತು ಜನರೂ ಬೋರ್ಡು ಕಂಕುಳಲ್ಲಿಟ್ಟುಕೊಂಡು ಗೋಡೆಯ ನೆರಳಿಗೆ ಊಟಕ್ಕೆ ಹೋಗಿದ್ದರು.

ಅವಳು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಚಿಕ್ಕಮ್ಮ, ವಾರ್ಡಿನಲ್ಲಿ ಅಮ್ಮ ಯಾವಾಗ ಓಡ್ತಾಳೆ?"

ನಾನು ಸೂಜಿ ಕೆಳಗಿಟ್ಟೆ. ಅಕ್ಕನೇ ಎಷ್ಟೋ ಸಲ ಹೇಳಿದ್ದಳು. ರೋಗಿ ನರಳುವಾಗ ಅಷ್ಟು ಭಯವಿಲ್ಲ, ನರಳಾಟ ನಿಂತಾಗ ಓಡಬೇಕು. ಉಸಿರಾಟದ ಯಂತ್ರ ಸದ್ದು ಮಾಡುವಾಗ ಕೂರಬಹುದು, ನಿಂತಾಗ ಓಡಬೇಕು. ಒಂದೇ ಸಮ ಬರುವ ಸದ್ದು ಅವಳಿಗೆ ಎಲ್ಲವೂ ಸರಿಯಿದೆ ಎಂಬ ಮಾತು. ಅದು ಒಮ್ಮೆಲೇ ನಿಂತರೆ, ಯಾರೋ ಹೋದರು.

"ಅವಳಿಗೆ ಹೇಳೋಣ" ಎಂದೆ.

"ಬೇಡ. ಹೇಳಿದ್ರೆ ಕಿವಿ ತೆರೆದುಕೊಂಡೇ ಮಲಗ್ತಾಳೆ. ಅವಳ ಪಾಡಿಗೆ ಬರೀಲಿ."

ಕೆಳಗೆ ಹೋಗಿ ಎಲ್ಲರನ್ನೂ ಸೇರಿಸಿದಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ, ಸ್ಪ್ರಿಂಗ್ ಎಂದು ಅಡ್ಡಹೆಸರಿನ ಒಬ್ಬಳು ಆ ಗುಂಪಿಗೆಲ್ಲ ನಾಯಕಿ. ಬೆಕ್ಕು ವಿಷಯ ಹೇಳಿದಾಗ ಅವಳು ಬಾಯಿ ಬಿಟ್ಟಳಂತೆ. "ಅಕ್ಕಾ, ಊಟಕ್ಕೂ ಡ್ಯೂಟಿ ಹಾಕ್ತೀರಾ?" ಹಾಕಿದಳು. ಹತ್ತತ್ತು ಜನರ ಮೂರು ಪಾಳಿ. ಒಂದು ಗುಂಪು ತಿನ್ನುವಾಗ ಉಳಿದವರು ಅಲೆಯ ಮೇಲೆ ಉರುಳುತ್ತಿರಬೇಕು, ಒಂಬತ್ತರಿಂದ ಮೂರರವರೆಗೆ ಚಕ್ರ ನಿಲ್ಲಬಾರದು. ಸದ್ದು ಮಾಡಬೇಡಿ ಎಂದು ಜಗತ್ತೆಲ್ಲ ಬೈದಿದ್ದ ಆ ಮಕ್ಕಳಿಗೆ, ಸದ್ದು ನಿಲ್ಲಿಸಬೇಡಿ ಎಂದು ಹೇಳಿದವಳು ಇವಳೊಬ್ಬಳೇ. ಅವರು ಪಾಳಿಯನ್ನು ವ್ರತದ ಹಾಗೆ ನಡೆಸಿದರು.

ಎರಡನೆಯ ದಿನದಿಂದ ಚಾರ್ಟು ಖಾಲಿ. ಅಕ್ಕ ಬೆಳಿಗ್ಗೆ ದಿನಾಂಕ ಬರೆದು ಮಲಗುವಳು, ಮೂರಕ್ಕೆ ಎದ್ದು ಬಂದು ಏನು ಬರೆಯುವುದೆಂದು ತೋಚದೆ ಪೆನ್ನು ಹಿಡಿದು ನಿಲ್ಲುವಳು. ಅವಳ ಮುಖಕ್ಕೆ ಬಣ್ಣ ಬಂದಿತ್ತು. ಸಾರಿಗೆ ಉಪ್ಪು ಸರಿಯಿದೆ ಎಂದು ಒಂದು ದಿನ ಮಗಳಿಗೇ ನೇರವಾಗಿ ಹೇಳಿದಳು. ಸಹಿಯ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ.

ವಿಚಾರಣೆಯ ದಿನ ಹನ್ನೆರಡಕ್ಕೆ ಎಂಜಿನಿಯರ್ ಬರುವವರಿದ್ದರು. "ಹನ್ನೊಂದೂ ಮುಕ್ಕಾಲಿಗೆ ನಾನೇ ಏಳ್ತೀನಿ" ಎಂದು ಹೇಳಿ ಅಕ್ಕ ಮಲಗಿದಳು. ಏಳಲಿಲ್ಲ. ನಾನು ಎಬ್ಬಿಸಲೂ ಇಲ್ಲ. ಯಾಕೆ ಎಬ್ಬಿಸಲಿ?

ಮೊದಲ ಸಹಿ ಅಕ್ಕನದೆಂದು ಎಂಜಿನಿಯರ್ ನಮ್ಮ ಮನೆಗೇ ಬಂದರು. ಮಾತಿಗಿಂತ ಕೆಮ್ಮು ಹೆಚ್ಚಿನ ಮನುಷ್ಯ. ಬಾಗಿಲು ದಾಟಿದ ಕೂಡಲೇ ಕೆಮ್ಮಲು ಶುರು ಮಾಡಿದರು. ನಾನು ಅವರ ಕೈಗೆ ಟವೆಲ್ಲು ಕೊಟ್ಟು ಬಚ್ಚಲು ತೋರಿಸಿದೆ. ಪಾಪ, ಹೋಗಿ ಬಂದರು. ಹಿಂದೆಯೇ ಕಾರ್ಯದರ್ಶಿ. ಉಳಿದ ಸಹಿಯವರೆಲ್ಲ ಅಕ್ಕನ ಚಾರ್ಟೇ ಸಾಕ್ಷಿಯೆಂದು ತಮ್ಮ ಮನೆಯಲ್ಲೇ ಉಳಿದಿದ್ದರು. ಬೆಕ್ಕು ಮೂಲೆಯಲ್ಲಿ ನಿಂತಿದ್ದಳು, ನಕ್ಷೆಯ ಸುರುಳಿಯನ್ನು ಎದೆಗವಚಿಕೊಂಡು.

"ದೂರು ಕೊಟ್ಟವರು ಎಲ್ಲಿ?" ಎಂದರು ಎಂಜಿನಿಯರ್.

"ನಿದ್ದೆ ಮಾಡ್ತಿದ್ದಾರೆ" ಎಂದೆ.

"ಅಂದ್ರೆ... ಈಗ? ಈ ಸದ್ದಲ್ಲಿ?"

ಕೆಳಗೆ ಅವತ್ತು ನಲವತ್ತು ಜನರಿದ್ದರು. ಎಂಜಿನಿಯರ್ ಕಿವಿಗೊಟ್ಟರು. ಸರ್... ಎಂಬ ಸದ್ದಿನ ಮೇಲೆ ಕೋಣೆಯೊಳಗಿಂದ ಅಕ್ಕನ ಗೊರಕೆ ತೇಲಿ ಬಂತು. ಅವರು ಸದ್ದಾಗದ ಹಾಗೆ ನಡೆದು ಫ್ರಿಜ್ಜಿನ ಹತ್ತಿರ ಹೋದರು, ಚಾರ್ಟನ್ನು ಮೊದಲ ಸಾಲಿನಿಂದ ಓದಿದರು. ಆರು, ಎಂಟು, ಒಂಬತ್ತು, ಎರಡು. ಏಳು, ಏಳು, ಏಳು. ಆಮೇಲೆ ಬರೀ ದಿನಾಂಕಗಳು.

"ಈ ಏಳು ಏನು?" ಎಂದು ಕೇಳಿದರು. ಬೆಕ್ಕು ಬಾಯಿ ತೆರೆಯುವಷ್ಟರಲ್ಲಿ ಕಾರ್ಯದರ್ಶಿ ನಡುವೆ ಬಂದ. "ಚಾರ್ಟು ಬಿಡಿ ಸರ್, ಸಿಸ್ಟರನ್ನೇ ಕೇಳೋಣ. ಈ ಗಲಾಟೆಯಲ್ಲಿ ಮಾತಾಡೋದು ಹೇಗೆ? ಇರಿ, ಇವರನ್ನ ನಿಲ್ಲಿಸ್ತೀನಿ."

ಅವನು ಬಾಲ್ಕನಿಯ ಕಡೆ ಹೊರಟ. ನಾನು ಬೆಕ್ಕನ್ನು ನೋಡಿದೆ, ಬೆಕ್ಕು ನನ್ನನ್ನು ನೋಡಿದಳು. ತಡೆಯಬಹುದಿತ್ತು. ಇಬ್ಬರೂ ತಡೆಯಲಿಲ್ಲ. ಅವನು ಕಂಬಿಗೆ ಆತುಕೊಂಡು ಎರಡೂ ಕೈ ಬೀಸಿ, "ನಿಲ್ಸಿ! ನಗರಸಭೆಯವರು ಬಂದಿದ್ದಾರೆ! ಎಲ್ಲಾ ನಿಲ್ಸಿ!" ಎಂದ. ನಲವತ್ತು ಬೋರ್ಡುಗಳು ನಿಂತವು. ಅಂಥ ಮೌನವನ್ನು ಆ ಅಂಗಳ ಹತ್ತು ದಿನದಿಂದ ಹಗಲಲ್ಲಿ ಕೇಳಿರಲಿಲ್ಲ.

ನಾನು ಮನಸ್ಸಿನಲ್ಲೇ ಎಣಿಸಿದೆ. ಒಂದು, ಎರಡು, ಮೂರು.

ಬಾಗಿಲು ಧಡ್ಡನೆ ತೆರೆಯಿತು. "ಏನಾಯ್ತು? ಯಾರದು ನಿಲ್ಸಿದ್ದು?"

"ನಾನೇ ಸಿಸ್ಟರ್" ಎಂದ ಕಾರ್ಯದರ್ಶಿ, ಹಲ್ಲು ಕಿರಿದು. "ನಿಮಗೆ ತೊಂದರೆ ಆಗಬಾರದು ಅಂತ..."

"ತೊಂದರೆ ಮಾಡಿದ್ದೇ ನೀವಲ್ರೀ! ಎಷ್ಟು ಚೆನ್ನಾಗಿ ನಿದ್ದೆ ಹತ್ತಿತ್ತು ನಂಗೆ. ಶುರು ಮಾಡ್ಸಿ ಮೊದಲು!"

ಹೇಳಿ ಮುಗಿಸಿದ ಮೇಲೆ ಅವಳಿಗೆ ಪೂರ್ತಿ ಎಚ್ಚರವಾಯಿತು. ಎಂಜಿನಿಯರನ್ನು ನೋಡಿದಳು. ಚಾರ್ಟಿನ ಖಾಲಿ ಸಾಲುಗಳನ್ನು ನೋಡಿದಳು. ಆಮೇಲೆ ಮೂಲೆಯಲ್ಲಿ ನಿಂತ ಮಗಳನ್ನು ನೋಡಿದಳು, ತುಂಬ ಹೊತ್ತು. ಒಂದೂ ಹತ್ತರ ಗುಟ್ಟು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಇಪ್ಪತ್ತೆರಡು ವರ್ಷದ ನರ್ಸು.

ಫ್ರಿಜ್ಜಿನ ಹತ್ತಿರ ಹೋಗಿ ಪೆನ್ನು ತೆಗೆದು ಕೊನೆಯ ಸಾಲು ತುಂಬಿದಳು: "12.25. ಸದ್ದು: ನಿಂತಿತು. 9. ಕಾರಣ: ಕಾರ್ಯದರ್ಶಿ." ಕೆಳಗೆ ಸಹಿ ಹಾಕಿ, ಹಾಳೆ ಕಿತ್ತು ಎಂಜಿನಿಯರ್ ಕೈಗೆ ಕೊಟ್ಟಳು.

"ಹಾಗಾದ್ರೆ ನಿಮ್ಮ ದೂರು?" ಎಂದರು ಅವರು.

"ಸದ್ದಿನ ಮೇಲಿತ್ತು. ಈಗ ಇಲ್ಲ. ಇನ್ನು ಇದಕ್ಕೆ ಬೀಗ ಹಾಕಿದ್ರೆ ನಿಮ್ಮ ಮೇಲೆ ಕೊಡ್ತೀನಿ."

ಎಂಜಿನಿಯರ್ ನಕ್ಕರು, ನಗು ಕೆಮ್ಮಾಯಿತು. ಕೆಮ್ಮುತ್ತಲೇ ಕಡತ ಬಿಡಿಸಿ, ತಾತ್ಕಾಲಿಕ ಎಂಬ ಮಾತನ್ನು ಹೊಡೆದು ಕಾಯಂ ಎಂದು ಬರೆದರು. ಬಚ್ಚಲಿಗೆ ಹೋಗಿ ಎಂದು ಈ ಸಲ ನಾನು ಹೇಳಲಿಲ್ಲ. ಕಾರ್ಯದರ್ಶಿ ಯಾವಾಗ ಹೊರಗೆ ಹೋದನೋ ಯಾರೂ ನೋಡಲಿಲ್ಲ.

"ನಿಂತಿದ್ದೀಯಲ್ಲ, ಅವರಿಗೆ ಹೇಳು ಹೋಗು" ಎಂದಳು ಅಕ್ಕ ಮಗಳಿಗೆ. ಬೆಕ್ಕು ಬಾಲ್ಕನಿಗೆ ಹೋದಳು. ಕೆಳಗೆ ನಲವತ್ತು ಮುಖಗಳು ಮೇಲೆ ನೋಡುತ್ತಿದ್ದವು. "ಶುರು ಮಾಡಿ" ಎಂದಳು. ಹಗಲು ಹೊತ್ತಿನಲ್ಲಿ ಈ ಮನೆಯೊಳಗಿನಿಂದ ಅವಳಿಗೆ ಬರುವುದು ಪಿಸುಮಾತೊಂದೇ. ನನಗೇ ಕೇಳಿಸಲಿಲ್ಲ, ಇನ್ನು ಕೆಳಗಿನವರಿಗೆಲ್ಲಿ.

ಹಿಂದಿನಿಂದ ಅಕ್ಕ ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟಳು. "ಜೋರಾಗಿ ಕೂಗೇ. ನಿಮ್ಮಮ್ಮ ಎದ್ದಿದ್ದಾಳೆ."

ಆಗ ಕೂಗಿದಳು ನೋಡಿ. ಇಪ್ಪತ್ತೆರಡು ವರ್ಷದ ಕೂಗು ಅದು. ಎದುರು ಕಟ್ಟಡದ ಪಾರಿವಾಳಗಳೆಲ್ಲ ಹಾರಿದವು, ಶೆಲ್ಫಿನ ಲೋಟಗಳು ನಡುಗಿದವು, ಕೆಳಗೆ ಸ್ಪ್ರಿಂಗ್ ಬೋರ್ಡನ್ನು ಎರಡೂ ಕೈಯಲ್ಲಿ ಮೇಲೆತ್ತಿ ಕುಣಿದಳು. ನಲವತ್ತು ಬೋರ್ಡುಗಳು ಒಟ್ಟಿಗೆ ಹೊರಟವು. ಬೆಕ್ಕು ಮತ್ತೆ ಕೂಗಿದಳು, ನಗುತ್ತ, ಅಳುತ್ತ, ಇನ್ನೂ ಜೋರಾಗಿ.

ಅಕ್ಕ ಶ್ ಎನ್ನಲಿಲ್ಲ. ಮಗಳ ಕೂಗು ಮುಗಿಯುವವರೆಗೆ ನಿಂತು ಕೇಳಿ, ಒಳಗೆ ಹೋಗಿ ಮಲಗಿಕೊಂಡಳು.